ಶಾಲಾ ಮಕ್ಕಳಿಗೆ ಪ್ಲವಕ ಪಾಠ: ಬಲೆ ಹೊಲಿಯುವುದರಿಂದ ಎಣಿಕೆಯವರೆಗೆ

"ಸಮುದ್ರದ ನೀರು ತಂದೆವು, ಮೈಕ್ರೋಸ್ಕೋಪಿನಡಿ ಇಟ್ಟೆವು, ಏನೂ ಕಾಣಲಿಲ್ಲ. ಎಲ್ಲಿ ತಪ್ಪಿತು?" ವಿಜ್ಞಾನ ಶಿಕ್ಷಕರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ಬಲೆಯಿಂದ ಸೋಸದೆ ಬರೀ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದಿರುತ್ತಾರೆ, ಇಲ್ಲವೇ ಸೋಸಿ ತಂದ ಜೀವಿಗಳು ದಾರಿಯಲ್ಲೇ ಸತ್ತಿರುತ್ತವೆ. ಮೊದಲನೆಯದಕ್ಕೆ ಒಂದು ಬಲೆ ಸಾಕು. ಎರಡನೆಯದಕ್ಕೆ ಬೇಕಾದದ್ದು ಎಚ್ಚರ. ಬಲೆ ಎತ್ತಿದ ಮೇಲಿನ ಎರಡು ಮೂರು ಗಂಟೆ ಹೇಗೆ ಕಳೆಯುತ್ತದೆ ಎಂಬುದರ ಮೇಲೆ ಇಡೀ ಪಾಠ ನಿಂತಿದೆ. ಸತ್ತ ಪ್ಲವಕ ಮಕ್ಕಳ ಕಣ್ಣಿಗೆ ಬರೀ ಕಸ. ಅದೇ ಜೀವ ಹೃದಯ ಬಡಿಯುತ್ತಾ, ಕಾಲು ಬೀಸುತ್ತಾ ಕಂಡರೆ ಮೈಕ್ರೋಸ್ಕೋಪಿನಿಂದ ಮಗುವನ್ನು ಎಬ್ಬಿಸುವುದೇ ಕಷ್ಟ.

ಪ್ಲವಕ ಅಥವಾ ಪ್ಲಾಂಕ್ಟನ್ ಎಂದರೆ ನೀರಿನ ಹರಿವಿಗೆ ಎದುರಾಗಿ ಈಜಲಾಗದೆ, ಅದು ಒಯ್ದತ್ತ ಹೋಗುವ ಜೀವಿಗಳು. ಗಾತ್ರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಅಂಗೈಗಿಂತ ದೊಡ್ಡದಾದ ಲೋಳೆಮೀನೂ ಪ್ಲವಕವೇ. ಬೆಳಕಿನಿಂದ ಆಹಾರ ತಯಾರಿಸುವವು ಸಸ್ಯಪ್ಲವಕ, ಅವನ್ನೋ ಪರಸ್ಪರರನ್ನೋ ತಿನ್ನುವವು ಪ್ರಾಣಿಪ್ಲವಕ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸರಿಸುಮಾರು ಅರ್ಧ ನಡೆಯುವುದು ಸಮುದ್ರದ ಸಸ್ಯಪ್ಲವಕದಲ್ಲಿ. ಪಾಠದ ಆರಂಭಕ್ಕೆ ಇಷ್ಟು ಸಾಕು. ಉಳಿದದ್ದನ್ನು ಮಕ್ಕಳು ನೋಡಿದ ಮೇಲೆ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಬೇಕಾಗುವ ಸಾಮಾನು

ಪ್ಲವಕದ ಬಲೆ, 20 ಮೀಟರ್ ಹಗ್ಗ, 10 ಲೀಟರ್ ಬಕೆಟ್, ನೀರು ಚಿಮ್ಮಿಸುವ ಮೆದು ಬಾಟಲಿ, ಅಗಲ ಬಾಯಿಯ 2 ಲೀಟರ್ ಡಬ್ಬಿ, 500 ಮಿ.ಲೀ. ಅಳತೆ ಜಾಡಿ, ಥರ್ಮಾಮೀಟರ್, ಶೀತಪೆಟ್ಟಿಗೆ. ತರಗತಿಯಲ್ಲಿ 4, 10 ಮತ್ತು 40 ಪಟ್ಟು ಮಸೂರಗಳಿರುವ ಸಾಮಾನ್ಯ ಮೈಕ್ರೋಸ್ಕೋಪ್, ಸ್ಲೈಡ್, ಕವರ್‌ಸ್ಲಿಪ್, ಡ್ರಾಪರ್, ಪೆಟ್ರಿ ತಟ್ಟೆ, ಕಪ್ಪು ಕಾಗದ, ಮಕ್ಕಳು ಆಟವಾಡುವ ಮೇಣದ ಜೇಡಿ. ಮೈಕ್ರೋಸ್ಕೋಪ್ ಒಂದೇ ಇದ್ದರೆ ಕಣ್ಣಿಡುವ ಮಸೂರಕ್ಕೆ ಮೊಬೈಲ್ ಕ್ಯಾಮೆರಾ ಹೊಂದಿಸಿ ದೊಡ್ಡ ಪರದೆಗೆ ಹಾಕಬಹುದು. ಆದರೂ ಪ್ರತಿ ಮಗುವೂ ಒಮ್ಮೆಯಾದರೂ ತನ್ನ ಕಣ್ಣಿನಿಂದಲೇ ನೋಡಲಿ. ಕಾಗದ ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಸಸ್ಯಪ್ಲವಕ ನೋಡಲು ಅದು ಚೆನ್ನಾಗಿದೆ, ಓಡಾಡುವ ಪ್ರಾಣಿಪ್ಲವಕವನ್ನು ಅದರಲ್ಲಿ ಹಿಂಬಾಲಿಸುವುದು ಕಷ್ಟ.

ಹಂತ 1: ಬಲೆ ಹೊಲಿಯಿರಿ

ಸಿದ್ಧ ಬಲೆ ಸಿಕ್ಕರೂ ಒಂದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಶಂಕುವಿನ ಗಣಿತ ಬಟ್ಟೆಯ ಮೇಲೆ ಇಳಿಯುವುದನ್ನು ಅವರು ನೋಡುವ ಅಪರೂಪದ ಸಂದರ್ಭ ಇದು.

ಬಟ್ಟೆಗೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಳಸುವ ಪಾಲಿಯೆಸ್ಟರ್ ಜಾಲರಿಯೇ ಉತ್ತಮ. ಅದರ ರಂಧ್ರಗಳು ಒಂದೇ ಅಳತೆಯವು, ನೀರಿನಲ್ಲಿ ಹಿಗ್ಗುವುದಿಲ್ಲ. ಜಾಲರಿಯ ಮೇಲಿನ ಸಂಖ್ಯೆ ಒಂದು ಸೆಂಟಿಮೀಟರಿಗೆ ಎಷ್ಟು ನೂಲು ಎಂಬುದನ್ನು ಹೇಳುತ್ತದೆ. ಸಂಖ್ಯೆ ಹೆಚ್ಚಿದಂತೆ ರಂಧ್ರ ಕಿರಿದು. 43ರದ್ದಾದರೆ ರಂಧ್ರ ಸುಮಾರು 150 ಮೈಕ್ರಾನ್, 77ರದ್ದಾದರೆ ಸುಮಾರು 80, 120ರದ್ದಾದರೆ ಸುಮಾರು 50. (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಒಂದು.) ಶಾಲೆಗೆ ಒಂದೇ ಬಲೆ ಮಾಡುವುದಾದರೆ 77ರ ಜಾಲರಿ ಆರಿಸಿ. ಪ್ರಾಣಿಪ್ಲವಕದ ಜೊತೆಗೆ ದೊಡ್ಡ ಸಸ್ಯಪ್ಲವಕವೂ ಅದರಲ್ಲಿ ನಿಲ್ಲುತ್ತದೆ. ಇನ್ನೂ ಸಣ್ಣ ರಂಧ್ರವಿದ್ದರೆ ಹೆಚ್ಚು ಸಿಗುತ್ತದೆ ಎಂದುಕೊಳ್ಳಬೇಡಿ. ಅದು ಬೇಗ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರು ಒಳಗೆ ಬರದೆ ಬಾಯಿಯ ಪಕ್ಕದಿಂದ ಹೊರಗೇ ಹೋಗುತ್ತದೆ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಕೆಲವರು ಇದೇ ಬಟ್ಟೆಯನ್ನು ಇಂಚಿನ ಲೆಕ್ಕದಲ್ಲಿ ಕರೆಯುತ್ತಾರೆ. ಸೆಂಟಿಮೀಟರ್ ಲೆಕ್ಕದ 77 ಇಂಚಿನ ಲೆಕ್ಕದಲ್ಲಿ ಸುಮಾರು 195 ಆಗುತ್ತದೆ. ಸಂದೇಹವಿದ್ದರೆ ಪಾರದರ್ಶಕ ಅಳತೆಪಟ್ಟಿಯ ಜೊತೆ ಬಟ್ಟೆಯ ತುಂಡನ್ನು ಮೈಕ್ರೋಸ್ಕೋಪಿನಡಿ ಇಟ್ಟು ಎಣಿಸಿ. ಒಂದು ಮಿಲಿಮೀಟರಿನಲ್ಲಿ ಏಳೆಂಟು ನೂಲು ಬಂದರೆ ಅದೇ 77. ನೈಲಾನ್ ಕಾಲುಚೀಲದಿಂದಲೂ ಬಲೆ ಮಾಡುವುದುಂಟು. ನೋಡುವುದಕ್ಕೆ ಅಡ್ಡಿಯಿಲ್ಲ, ಆದರೆ ಎಳೆದಾಗ ರಂಧ್ರ ಹಿಗ್ಗುವುದರಿಂದ ಒಂದು ದಿನದ ಎಣಿಕೆಯನ್ನು ಇನ್ನೊಂದು ದಿನದ್ದಕ್ಕೆ ಹೋಲಿಸುವಂತಿಲ್ಲ.

ಅಳತೆಗಳು ಹೀಗಿರಲಿ: ಬಾಯಿಯ ವ್ಯಾಸ 25 ಸೆಂ.ಮೀ., ಬಾಲದ ವ್ಯಾಸ 4 ಸೆಂ.ಮೀ., ಓರೆ ಉದ್ದ 75 ಸೆಂ.ಮೀ. ಉದ್ದ ಬಾಯಿಯ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. ಮೋಟು ಬಲೆಯಲ್ಲಿ ನೀರು ಹೊರಹೋಗಲು ಸಾಕಷ್ಟು ಬಟ್ಟೆ ಇರುವುದಿಲ್ಲ, ಬಾಯಿಯ ಮುಂದೆ ಒತ್ತಡ ಎದ್ದು ಜೀವಿಗಳು ಪಕ್ಕಕ್ಕೆ ತಳ್ಳಿಹೋಗುತ್ತವೆ.

ಶಂಕು ಕತ್ತರಿಸಲು ಮೊದಲು ಹಳೆಯ ಪತ್ರಿಕೆಗಳನ್ನು ಅಂಟಿಸಿ ನಕ್ಷೆ ಮಾಡಿ. ಒಂದು ಬಿಂದುವಿನಲ್ಲಿ ದಾರ ಕಟ್ಟಿ 89.3 ಸೆಂ.ಮೀ. ತ್ರಿಜ್ಯದ ಕಮಾನು ಎಳೆಯಿರಿ, ಅದೇ ಬಿಂದುವಿನಿಂದ 14.3 ಸೆಂ.ಮೀ. ತ್ರಿಜ್ಯದ ಇನ್ನೊಂದು. ಎರಡರ ನಡುವೆ 50.4 ಡಿಗ್ರಿ ಕೋನದಷ್ಟು ಅಗಲದ ತುಂಡೇ ನಿಮ್ಮ ಬಲೆ. ಹೊರ ಕಮಾನಿನ ಉದ್ದ 78.5 ಸೆಂ.ಮೀ. ಬಂದರೆ ಲೆಕ್ಕ ಸರಿ, ಅದು ಬಲೆಯ ಬಾಯಿಗೆ ಕೂಡಿಸುವ 25 ಸೆಂ.ಮೀ. ವ್ಯಾಸದ ತಂತಿ ಬಳೆಯ ಸುತ್ತಳತೆ. ಹೊಲಿಗೆಗೆ ನಾಲ್ಕೂ ಬದಿ ಒಂದೂವರೆ ಸೆಂ.ಮೀ. ಬಿಡಿ. 85 ಸೆಂ.ಮೀ. ಚೌಕದ ಬಟ್ಟೆ ಸಾಕಾಗುತ್ತದೆ.

ತೀರಾ ಸಣ್ಣ ಸೂಜಿಯಿಂದ ಹೊಲಿಯಿರಿ. ಬಟ್ಟೆಯ ಅಂಚು ಬಲೆಯ ಹೊರಬದಿಗೆ ಬರಲಿ, ಒಳಗೆ ಉಳಿದರೆ ಜೀವಿಗಳು ಆ ಮಡಿಕೆಯಲ್ಲಿ ಸಿಕ್ಕಿ ತೊಳೆದರೂ ಇಳಿಯುವುದಿಲ್ಲ. ಬಾಯಿಗೂ ಬಾಲಕ್ಕೂ ದಪ್ಪ ಬಟ್ಟೆಯ ಪಟ್ಟಿ ಹೊಲಿಯಿರಿ: ಬಾಯಿಗೆ 8 ಸೆಂ.ಮೀ. ಅಗಲ, ಬಾಲಕ್ಕೆ 5. ಜಾಲರಿಯನ್ನು ನೇರವಾಗಿ ಬಳೆಗೆ ಸುತ್ತಿ ಹೊಲಿದರೆ ಕೆಲವೇ ಬಳಕೆಯಲ್ಲಿ ಉಜ್ಜಿ ಹರಿಯುತ್ತದೆ. ಬಳೆಗೆ 4 ಮಿ.ಮೀ. ದಪ್ಪದ ತುಕ್ಕು ಹಿಡಿಯದ ತಂತಿ ಬಳಸಿ. ಬಾಲಕ್ಕೆ ಸುಮಾರು 4 ಸೆಂ.ಮೀ. ಕತ್ತಿನ 200 ಮಿ.ಲೀ. ಬಾಟಲಿಯನ್ನು ಪೈಪ್ ಕ್ಲಾಂಪ್‌ನಿಂದ ಬಿಗಿಯಿರಿ. ಬಳೆಯ ಮೂರು ಕಡೆ ಸಮ ಅಂತರದಲ್ಲಿ 45 ಸೆಂ.ಮೀ. ದಾರ ಕಟ್ಟಿ, ಮೂರನ್ನೂ ಒಂದು ಸಣ್ಣ ಉಂಗುರಕ್ಕೆ ಸೇರಿಸಿ, ಅಲ್ಲಿಗೆ ಎಳೆಯುವ ಹಗ್ಗ. ಮೂರು ದಾರಗಳಲ್ಲಿ ಒಂದು ಗಿಡ್ಡವಾದರೂ ಬಲೆ ಓರೆಯಾಗಿ ಸಾಗುತ್ತದೆ, ನೀವು ಲೆಕ್ಕ ಹಾಕಿದಷ್ಟು ನೀರು ಒಳಗೆ ಬರುವುದಿಲ್ಲ. ಕೊನೆಗೆ ಉಂಗುರದ ಬಳಿ 250 ಗ್ರಾಂ ತೂಕದ ಗುಂಡು ಕಟ್ಟಿ. ಅದಿಲ್ಲದಿದ್ದರೆ ಬಲೆ ನೀರಿನ ಮೇಲೆಯೇ ಜಾರುತ್ತದೆ.

ಹಂತ 2: ಜಾಗ ಮತ್ತು ಹೊತ್ತು ಆರಿಸಿ

ಕಟ್ಟೆಯೋ ಜೆಟ್ಟಿಯೋ ಇದ್ದು, ಎರಡು ಮೀಟರಾದರೂ ಆಳವಿರುವ, ಅಲೆ ಒಡೆಯದ ಜಾಗ ಹುಡುಕಿ. ಅಲೆ ಒಡೆಯುವಲ್ಲಿ ಎಳೆದರೆ ಬಲೆಯಲ್ಲಿ ಮರಳೇ ತುಂಬುತ್ತದೆ, ಆ ಮರಳು ಮೆತ್ತನೆಯ ಜೀವಿಗಳನ್ನೆಲ್ಲ ಅರೆದು ಹಾಕುತ್ತದೆ. ಜೋರು ಮಳೆಯಾದ ಮಾರನೆಯ ದಿನವೂ ಬೇಡ. ಕೆಸರಿನ ಕಣಗಳಿಂದ ಬಲೆ ಕಟ್ಟಿಕೊಳ್ಳುತ್ತದೆ.

ಭರತ ಏರಿ ನಿಂತ ಹೊತ್ತಿನ ಆಸುಪಾಸು ಹೋಗಿ. ಆಗ ಹೊರಗಿನ ಕಡಲಿನ ನೀರು ದಡಕ್ಕೆ ಬಂದಿರುತ್ತದೆ. ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಬಹಳಷ್ಟು ಪ್ರಾಣಿಪ್ಲವಕ ರಾತ್ರಿ ಮೇಲಕ್ಕೆ ಬಂದು ತಿಂದು, ಹಗಲೇರಿದಂತೆ ಬೇಟೆಗಾರ ಮೀನುಗಳ ಕಣ್ಣು ತಪ್ಪಿಸಲು ಆಳಕ್ಕಿಳಿಯುತ್ತದೆ. ನಡು ಮಧ್ಯಾಹ್ನ ಎಳೆದು "ಏನೂ ಇಲ್ಲ" ಎಂದು ಬೇಸರಪಡುವವರು ಹೆಚ್ಚಾಗಿ ಈ ದಿನಚರಿಯನ್ನು ಮರೆತಿರುತ್ತಾರೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಆ ಜಾಗದಲ್ಲಿ ಮಾದರಿ ತೆಗೆಯಲು ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ನೀರಿನ ಅಂಚಿನಲ್ಲಿ ಒಂದು ಹೊತ್ತಿಗೆ ನಾಲ್ಕೈದು ಮಕ್ಕಳಷ್ಟೇ ಇರಲಿ, ಅವರೆಲ್ಲರ ಮೈಮೇಲೆ ಜೀವರಕ್ಷಕ ಕವಚವಿರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲು ಬಿಡಬೇಡಿ. ನೀರು ಕೆಂಪಾಗಿಯೋ ಕಂದಾಗಿಯೋ ಕಂಡರೆ, ಸತ್ತ ಮೀನು ತೇಲುತ್ತಿದ್ದರೆ ಅಂದು ಮಾದರಿ ತೆಗೆಯದೆ ವಾಪಸಾಗಿ. ಕೆಲವು ಜಾತಿಯ ಸಸ್ಯಪ್ಲವಕ ಹೀಗೆ ಮಿತಿಮೀರಿ ಬೆಳೆದಾಗ ವಿಷ ಸ್ರವಿಸುತ್ತದೆ.

ಹಂತ 3: ನೀರನ್ನು ಅಳೆದು ಬರೆದುಕೊಳ್ಳಿ

ಬಲೆ ಇಳಿಸುವ ಮೊದಲೇ ದಿನಾಂಕ, ಹೊತ್ತು, ಭರತ ಇಳಿತ, ಉಷ್ಣತೆ, ಲವಣಾಂಶ ದಾಖಲಿಸಿ. ತೆರೆದ ಸಾಗರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನದಿ ಸೇರುವಲ್ಲಿ ಬಹಳ ಕಡಿಮೆ. ಅಲ್ಲಿ ಸಿಗುವ ಜೀವಿಗಳೂ ಬೇರೆ.

ನೀರಿನ ತಿಳಿತನಕ್ಕೆ ಸೆಕ್ಕಿ ತಟ್ಟೆ ಬಳಸಿ. 1865ರಲ್ಲಿ ಆಂಜೆಲೊ ಸೆಕ್ಕಿ ಬಳಕೆಗೆ ತಂದ ಸರಳ ಉಪಾಯ ಇದು, ಇಂದಿಗೂ ಸಂಶೋಧನಾ ಹಡಗುಗಳಲ್ಲಿದೆ. 30 ಸೆಂ.ಮೀ. ವ್ಯಾಸದ ಬಿಳಿ ತಟ್ಟೆಗೆ ತೂಕ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. ಕಣ್ಮರೆಯಾದ ಆಳವನ್ನೂ ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆದು ಸರಾಸರಿ ತೆಗೆಯಿರಿ. ನೆರಳಿನ ಬದಿಯಲ್ಲಿ ನಿಂತು ನೋಡಿ, ತಂಪು ಕನ್ನಡಕ ತೆಗೆದಿಡಿ. ತಟ್ಟೆ ತಳ ಮುಟ್ಟಿದರೂ ಕಾಣುತ್ತಿದ್ದರೆ ಅದು ಅಳತೆಯಲ್ಲ. "ತಳದವರೆಗೂ ಕಂಡಿತು" ಎಂದಷ್ಟೇ ಬರೆಯಿರಿ.

ಹಂತ 4: ಬಲೆ ಎಳೆಯಿರಿ

ಮೊದಲು ಬಾಟಲಿ ಭದ್ರವಾಗಿದೆಯೇ ನೋಡಿ. ಬಲೆಯನ್ನು ನೀರಿಗಿಳಿಸಿ ನೆನೆಯಲು ಬಿಡಿ, ಒಳಗಿನ ಗಾಳಿ ಹೊರಹೋಗಲಿ. ಬಾಯಿ ಪೂರ್ತಿ ಮುಳುಗಿ, ನೀರಿನ ಮೇಲ್ಮೈಗಿಂತ ಅರ್ಧ ಮೀಟರ್ ಕೆಳಗೆ ಸಾಗುವಂತೆ ನಿಧಾನವಾಗಿ ನಡೆಯಿರಿ. ಎರಡು ಸೆಕೆಂಡಿಗೆ ಒಂದು ಮೀಟರ್ ಸಾಕು. ಎಲ್ಲರೂ ಮಾಡುವ ತಪ್ಪು ಅವಸರ. ವೇಗವಾಗಿ ಎಳೆದರೆ ಬಾಯಿಯ ಮುಂದೆ ನೀರು ಒತ್ತರಿಸಿ ನಿಲ್ಲುತ್ತದೆ, ಒಳಗೆ ಬಂದವೂ ಜಾಲರಿಗೆ ಅಪ್ಪಳಿಸಿ ಕಾಲು, ಮೀಸೆ ಮುರಿದುಕೊಳ್ಳುತ್ತವೆ.

ಒಟ್ಟು 20 ಮೀಟರ್ ಎಳೆಯಿರಿ. ಜೆಟ್ಟಿ 10 ಮೀಟರ್ ಇದ್ದರೆ ಹೋಗಿ ಬನ್ನಿ, ತಿರುಗುವಾಗ ಹಗ್ಗ ಸಡಿಲ ಬಿಡಬೇಡಿ, ಸಿಕ್ಕಿದ್ದು ಬಾಯಿಯಿಂದ ಹೊರಗೆ ಹೋದೀತು. ಉಬ್ಬರದ ಸೆಳೆತ ಇರುವಲ್ಲಿ ಒಂದೇ ಕಡೆ ಹಿಡಿದು ನಿಂತರೂ ಆಗುತ್ತದೆ, ಆದರೆ ಆಗ ನೀರಿನ ವೇಗ ಅಳೆಯಬೇಕು. ತೇಲುವ ಒಂದು ಎಲೆ 5 ಮೀಟರ್ ದಾಟಲು ಎಷ್ಟು ಸೆಕೆಂಡ್ ತೆಗೆದುಕೊಂಡಿತು ಎಂದು ನೋಡಿದರೆ ಸಾಕು. ಎಳೆಯುವ ಅನುಕೂಲವೇ ಇಲ್ಲದಿದ್ದರೆ 10 ಬಕೆಟ್ ನೀರನ್ನು ಬಲೆಯ ಮೂಲಕ ನಿಧಾನವಾಗಿ ಸುರಿಯಿರಿ. 100 ಲೀಟರ್ ಮಾತ್ರ ಆದರೂ ಅಳತೆ ನಿಖರ.

ಬಲೆ ಮೇಲೆತ್ತಿದ ಮೇಲೆ ಅದೇ ಸಮುದ್ರದ ನೀರನ್ನು ಚಿಮ್ಮುಬಾಟಲಿಯಿಂದ ಬಲೆಯ ಹೊರಬದಿಯಿಂದ ಒಳಮುಖವಾಗಿ ಹೊಡೆದು, ಅಂಟಿದ್ದನ್ನೆಲ್ಲ ಬಾಟಲಿಗೆ ಇಳಿಸಿ. ಒಳಗಿನಿಂದ ತೊಳೆದರೆ ಸೋಸದ ನೀರಿನ ಜೀವಿಗಳೂ ಸೇರಿ ಎಣಿಕೆ ಕೆಡುತ್ತದೆ. ಸಿಹಿನೀರು ಮಾತ್ರ ಈ ಹೊತ್ತಿನಲ್ಲಿ ಬೇಡವೇ ಬೇಡ. ಕ್ಷಣಮಾತ್ರದಲ್ಲಿ ಜೀವಕೋಶಗಳಿಗೆ ನೀರು ನುಗ್ಗಿ ಉಬ್ಬಿ ಒಡೆಯುತ್ತವೆ.

ಹಂತ 5: ಜೀವಂತವಾಗಿ ತರಗತಿಗೆ ತನ್ನಿ

ಈಗ ನಿಮ್ಮ ಬಾಟಲಿಯಲ್ಲಿ, ಸುಮಾರು ಸಾವಿರ ಲೀಟರಿನಲ್ಲಿ ಹರಡಿದ್ದ ಜೀವಿಗಳು 200 ಮಿ.ಲೀ.ನಲ್ಲಿ ಇಕ್ಕಟ್ಟಾಗಿ ನಿಂತಿವೆ. ಹಾಗೇ ಮುಚ್ಚಳ ಬಿಗಿದು ಚೀಲದಲ್ಲಿಟ್ಟರೆ ಆಮ್ಲಜನಕ ಮುಗಿಯುತ್ತದೆ, ಮೊದಲು ಸತ್ತವು ಕೊಳೆಯತೊಡಗಿ ಉಳಿದವನ್ನೂ ಕೊಲ್ಲುತ್ತವೆ. ಆದ್ದರಿಂದ ದಡದಲ್ಲೇ ಮಾದರಿಯನ್ನು ಪಾಲು ಮಾಡಿ.

ಬಾಟಲಿಯಲ್ಲಿರುವುದನ್ನು ಅಳತೆ ಜಾಡಿಗೆ ಸುರಿದು, ಬಲೆಯಲ್ಲಿ ಸೋಸಿದ ಸಮುದ್ರದ ನೀರು ಸೇರಿಸಿ ಸರಿಯಾಗಿ 400 ಮಿ.ಲೀ. ಮಾಡಿ. ಚಮಚದಿಂದ ಎಂಟರ ಆಕಾರದಲ್ಲಿ ಮೆಲ್ಲಗೆ ಕಲಕಿ. ಗುಂಡಗೆ ಕಲಕಿದರೆ ಭಾರದವು ನಡುವೆ ಗುಡ್ಡೆಯಾಗುತ್ತವೆ. ಕಲಕಿದ ಕೂಡಲೇ 100 ಮಿ.ಲೀ. ತೆಗೆದು "ಎಣಿಕೆಗೆ" ಎಂದು ಬರೆದ ಬಾಟಲಿಗೆ ಹಾಕಿ. ಉಳಿದ 300 ಮಿ.ಲೀ.ಯನ್ನು 2 ಲೀಟರ್ ಡಬ್ಬಿಗೆ ಸುರಿದು, ಸಮುದ್ರದ ನೀರಿನಿಂದ ಮುಕ್ಕಾಲು ತುಂಬಿಸಿ. ಮೇಲೆ ಕಾಲುಭಾಗ ಗಾಳಿಗಿರಲಿ.

ಎಣಿಕೆಯ ಬಾಟಲಿಗೆ ಲುಗಾಲ್ ದ್ರಾವಣ ಹಾಕಿ. ಅದು ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಕರಗಿಸಿದ ನೀರು, ಜೀವಿಗಳನ್ನು ಇದ್ದ ಆಕಾರದಲ್ಲೇ ನಿಲ್ಲಿಸಿ ಬಣ್ಣ ಹಿಡಿಸುತ್ತದೆ. 100 ಮಿ.ಲೀ.ಗೆ 1 ಮಿ.ಲೀ., ನೀರು ತಿಳಿ ಚಹಾದ ಬಣ್ಣಕ್ಕೆ ಬಂದರೆ ಸಾಕು. ಶಿಕ್ಷಕರೇ ಕೈಗವಸು ತೊಟ್ಟು ಹಾಕಬೇಕು. ಸಂಶೋಧನಾಲಯಗಳಲ್ಲಿ ಬಳಸುವ ಫಾರ್ಮಲಿನ್ ಕ್ಯಾನ್ಸರ್‌ಕಾರಕ, ಶಾಲೆಗೆ ತರಲೇಬೇಡಿ.

ಜೀವಂತ ಡಬ್ಬಿಯನ್ನು ಶೀತಪೆಟ್ಟಿಗೆಯಲ್ಲಿ ಸಾಗಿಸಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ಡಬ್ಬಿಗೆ ತಾಗಬಾರದು. ಸಮುದ್ರದ ಉಷ್ಣತೆಗಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಸಾಕು, ಗುರಿಯಿರುವುದು ಬಿಸಿಯೇರದಂತೆ ತಡೆಯುವುದು. ತರಗತಿಗೆ ಬಂದ ಕೂಡಲೇ ಮುಚ್ಚಳ ತೆರೆಯಿರಿ. ಮೂರು ಗಂಟೆಯೊಳಗೆ ನೋಡಲು ಕೂತರೆ ಬಹುಪಾಲು ಚುರುಕಾಗಿರುತ್ತವೆ. ತಳದಲ್ಲಿ ಬಿಳಿ ಪದರ ಕೂತು ದುರ್ನಾತ ಬರತೊಡಗಿದರೆ ಮಾದರಿ ಮುಗಿದಂತೆ.

ಹಂತ 6: ನೋಡಿ

ಸ್ಲೈಡಿಗೆ ಹೋಗುವ ಮೊದಲು ಬರಿಗಣ್ಣಿನಿಂದ ನೋಡಿಸಿ. ಡಬ್ಬಿಯ ಹಿಂದೆ ಕಪ್ಪು ಕಾಗದ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ಖಾಲಿ ಎಂದುಕೊಂಡಿದ್ದ ನೀರಿನಲ್ಲಿ ಚುಕ್ಕೆಗಳು ಜಿಗಿಯುತ್ತಾ ಬೆಳಕಿನತ್ತ ಸೇರುತ್ತವೆ. ಹಾಗೆ ಸೇರಿದಲ್ಲಿಂದಲೇ ಡ್ರಾಪರಿನಲ್ಲಿ ಎಳೆದುಕೊಂಡರೆ ಹನಿಯಲ್ಲಿ ಜೀವಿಗಳು ಖಚಿತ. ಡ್ರಾಪರಿನ ತುದಿಯನ್ನು 3 ಮಿ.ಮೀ. ಅಗಲವಾಗುವಂತೆ ಕತ್ತರಿಸಿಕೊಳ್ಳಿ. ಕಿರಿದಾದ ತುದಿಯಲ್ಲಿ ಏಡಿಯ ಮರಿಗಳ ಮುಳ್ಳು ಮುರಿಯುತ್ತದೆ.

ಆಮೇಲೆ ಪೆಟ್ರಿ ತಟ್ಟೆಯಲ್ಲಿ ಸ್ವಲ್ಪ ನೀರು, 4 ಪಟ್ಟು ಮಸೂರ. ಕಣ್ಣಿನ ಮಸೂರ 10 ಪಟ್ಟಿನದಾದ್ದರಿಂದ ಒಟ್ಟು 40 ಪಟ್ಟು. ಮಕ್ಕಳು ಹೆಚ್ಚು ಹಿಗ್ಗಿಸಿದರೆ ಹೆಚ್ಚು ಕಾಣುತ್ತದೆ ಎಂದು ನೇರವಾಗಿ 400ಕ್ಕೆ ಹೋಗುತ್ತಾರೆ. ಆಗ ಕಾಣುವುದು ಮಸುಕು ಗೋಡೆ. ಪ್ರಾಣಿಪ್ಲವಕಕ್ಕೆ 40, 100 ಸಾಕು. 400 ಸಸ್ಯಪ್ಲವಕಕ್ಕೆ ಮಾತ್ರ. ಇನ್ನೊಂದು ತಪ್ಪು ಪೂರ್ತಿ ಬೆಳಕು. ಇವೆಲ್ಲ ಗಾಜಿನಷ್ಟು ಪಾರದರ್ಶಕ ಜೀವಿಗಳು, ವೇದಿಕೆಯ ಕೆಳಗಿನ ಬೆಳಕಿನ ಕಿಂಡಿಯನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದಾಗಲೇ ಅಂಚುಗಳು ಎದ್ದು ಕಾಣುತ್ತವೆ.

ಕವರ್‌ಸ್ಲಿಪ್ ಹಾಕುವಾಗ ನಾಲ್ಕು ಮೂಲೆಗೂ ಸಾಸಿವೆ ಗಾತ್ರದ ಮೇಣದ ಜೇಡಿ ಅಂಟಿಸಿ. ಇಲ್ಲದಿದ್ದರೆ ಗಾಜಿನ ಭಾರಕ್ಕೆ ಜೀವಿಗಳು ಜಜ್ಜಿಹೋಗುತ್ತವೆ. ಜೇಡಿಯನ್ನು ನಿಧಾನವಾಗಿ ಒತ್ತುತ್ತಾ ಬಂದರೆ ಓಡುವ ಜೀವಿ ಸಾಯದೆ ಕದಲದಂತೆ ನಿಲ್ಲುವ ಒಂದು ಎತ್ತರ ಸಿಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಹತ್ತಿಯ ನಾಲ್ಕಾರು ಎಳೆಗಳನ್ನು ಹನಿಯಲ್ಲಿ ಹರಡಿ, ಓಟ ತಡೆಯುತ್ತವೆ. ಕೆಲವು ಹನಿ ಸೋಡಾ ನೀರೂ ಮಂಪರು ತರಿಸುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಬಹುತೇಕ ಕೋಪೆಪಾಡ್. ಹನಿಯಾಕಾರದ ಮೈ, ತಲೆಯಿಂದ ಎರಡೂ ಬದಿಗೆ ಚಾಚಿದ ಉದ್ದ ಮೀಸೆ, ನಡುಹಣೆಯಲ್ಲಿ ಒಂದೇ ಕೆಂಪು ಕಣ್ಣು. ಒಂದೆಡೆ ಸ್ತಬ್ಧವಾಗಿ ನಿಂತು, ಇದ್ದಕ್ಕಿದ್ದಂತೆ ನೋಟದಿಂದಲೇ ಮಾಯವಾಗುತ್ತದೆ. ಹೊಟ್ಟೆಯಡಿ ಚೀಲ ಜೋತಿದ್ದರೆ ಅದು ಮೊಟ್ಟೆ ಹೊತ್ತ ಹೆಣ್ಣು. ಕರುಳಿನಲ್ಲಿ ಹಸಿರು ಬಣ್ಣ ಕಂಡರೆ ಅಲ್ಲೇ ನಿಲ್ಲಿಸಿ ಮಕ್ಕಳನ್ನು ಕೇಳಿ, ಏನು ತಿಂದಿರಬಹುದು? ಆಹಾರ ಸರಪಳಿಯನ್ನು ಹಲಗೆಯ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಏಡಿಯ ಮರಿಯಾದ ಜೋಯಿಯಾ ಏಡಿಯಂತೆ ಕಾಣುವುದೇ ಇಲ್ಲ. ದೊಡ್ಡ ಕಪ್ಪು ಕಣ್ಣುಗಳು, ಬೆನ್ನ ಮೇಲೆ ಉದ್ದ ಮುಳ್ಳು, ಮುಂದಕ್ಕೆ ಇನ್ನೊಂದು ಮುಳ್ಳು. ವಿಜ್ಞಾನಿಗಳೇ ಇದನ್ನು ಬೇರೆ ಪ್ರಾಣಿ ಎಂದು ಹೆಸರಿಟ್ಟಿದ್ದರು. ಇದು ಏಡಿಯ ಮರಿ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟವರು ಜಾನ್ ವಾಗನ್ ಥಾಂಪ್ಸನ್. ಹಣೆಯ ಎರಡೂ ಮೂಲೆಗಳಲ್ಲಿ ಕೊಂಬಿರುವ, ಮೂರು ಜೊತೆ ಕಾಲಿನ ತ್ರಿಕೋನ ಮರಿ ಬಂಡೆಗಂಟಿ ಬದುಕುವ ಬಾರ್ನಕಲ್‌ನದು. ಎರಡು ರೆಕ್ಕೆಯಂತಹ ಪೊರೆಗಳ ಅಂಚಿನಲ್ಲಿ ಸಣ್ಣ ರೋಮಗಳು ಮಿಡಿಯುತ್ತಿದ್ದರೆ ಅದು ಬಸವನಹುಳು ಅಥವಾ ಚಿಪ್ಪುಜೀವಿಯ ಮರಿ. ಬಾಣದಂತೆ ನೆಟ್ಟಗೆ, ಗಾಜಿನ ಕಡ್ಡಿಯಂತಿರುವುದು ಬಾಣಹುಳು, ಬಾಯಿಯ ಸುತ್ತ ಕೊಕ್ಕೆಗಳಿವೆ, ಕೋಪೆಪಾಡ್ ಅದರ ಊಟ. ಒಂದು ಮಿಲಿಮೀಟರಿನ ಗುಂಡು ಮೊಟ್ಟೆಯೊಳಗೆ ಎಣ್ಣೆಯ ಹನಿಯೂ ಸುರುಳಿಯಾಗಿ ಮಲಗಿದ ಭ್ರೂಣವೂ ಕಂಡರೆ ಮೀನಿನ ಮೊಟ್ಟೆ.

ಸಸ್ಯಪ್ಲವಕದಲ್ಲಿ ಡಯಾಟಂ ಎಂಬ ಏಕಕೋಶ ಪಾಚಿಗಳಿಗೆ ಸಿಲಿಕಾ ಎಂಬ ಗಾಜಿನಂತಹ ವಸ್ತುವಿನ ಚಿಪ್ಪಿದೆ. ಕೊಸಿನೊಡಿಸ್ಕಸ್ ಗುಂಡು ತಟ್ಟೆ, ಕೀಟೊಸೆರಾಸ್ ಕೂದಲಿನಂತಹ ಮುಳ್ಳುಗಳುಳ್ಳ ಸರಪಳಿ. ಸೆರೇಶಿಯಂ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳ ಗುಂಪಿನದು, ಮೂರು ಕೊಂಬಿದೆ, ಚಾವಟಿಯಂತಹ ಎಳೆಯಿಂದ ಈಜುತ್ತದೆ. ಇದೇ ಗುಂಪಿನದಾದರೂ ಬೇರೆ ಪ್ಲವಕವನ್ನು ತಿಂದು ಬದುಕುವ ನೊಕ್ಟಿಲೂಕ ಸಿಕ್ಕರೆ ಒಂದು ಬಾಟಲಿ ಎತ್ತಿಟ್ಟು, ಕೋಣೆ ಪೂರ್ತಿ ಕತ್ತಲಾಗಿಸಿ ಅಲುಗಾಡಿಸಿ ನೋಡಿ. ನೀಲಿ ಬೆಳಕು ಮಿಂಚಬಹುದು.

ಮಕ್ಕಳು ಮೋಸ ಹೋಗುವುದು ಮೂರರಲ್ಲಿ. ದಪ್ಪ ಕಪ್ಪು ಅಂಚಿನ ಗುಂಡು ಗಾಳಿಗುಳ್ಳೆ. ಸ್ಲೈಡ್ ಒಣಗುತ್ತಿದ್ದಂತೆ ಹುಟ್ಟುವ ಚೌಕಗಳು ಉಪ್ಪಿನ ಹರಳು. ಬಣ್ಣಬಣ್ಣದ, ಒಂದೇ ದಪ್ಪದ ನೂಲು ಬಟ್ಟೆಯದೋ ಪ್ಲಾಸ್ಟಿಕ್ಕಿನದೋ. ಅದನ್ನೂ ಬರೆದಿಡಿ, ಅದು ಕೂಡ ಆ ನೀರಿನ ಸುದ್ದಿ.

ಹಂತ 7: ಹೆಸರಿಗಿಂತ ಮೊದಲು ಚಿತ್ರ

ಗುರುತಿನ ಪಟ್ಟಿಯನ್ನು ಮೊದಲೇ ಹಂಚಬೇಡಿ. ಪಟ್ಟಿ ಕೈಯಲ್ಲಿದ್ದರೆ ಮಕ್ಕಳು ನೋಡುವುದನ್ನು ಬಿಟ್ಟು ಹೊಂದಿಸಲು ತೊಡಗುತ್ತಾರೆ. ಮೊದಲು ಹತ್ತು ನಿಮಿಷ ಪೆನ್ಸಿಲಿನಲ್ಲಿ ಚಿತ್ರ ಬರೆಯಲಿ, ಪಕ್ಕದಲ್ಲಿ ಚಲನೆಯನ್ನು ಮಾತಿನಲ್ಲಿ ಬರೆಯಲಿ: ಜಿಗಿಯಿತು, ತಿರುಗುತ್ತಾ ಹೋಯಿತು, ಸುಮ್ಮನೆ ಮುಳುಗಿತು. ಗಾತ್ರವನ್ನೂ ಬರೆಸಿ. ಮೈಕ್ರೋಸ್ಕೋಪಿನಡಿ ಪಾರದರ್ಶಕ ಅಳತೆಪಟ್ಟಿ ಇಟ್ಟು ನೋಟದ ವೃತ್ತ ಎಷ್ಟು ಮಿ.ಮೀ. ಎಂದು ಕಂಡುಕೊಳ್ಳಿ. ಬಹಳಷ್ಟು ಮೈಕ್ರೋಸ್ಕೋಪುಗಳಲ್ಲಿ 40 ಪಟ್ಟಿಗೆ ಅದು ಸುಮಾರು 4.5 ಮಿ.ಮೀ., 100 ಪಟ್ಟಿಗೆ 1.8. ಜೀವಿ ವೃತ್ತದ ಕಾಲುಭಾಗವಿದ್ದರೆ 40 ಪಟ್ಟಿನಲ್ಲಿ ಅದು ಸುಮಾರು 1.1 ಮಿ.ಮೀ. ಆಮೇಲೆ ಪಟ್ಟಿ ಕೊಡಿ. ಜಾತಿಯ ಮಟ್ಟಕ್ಕೆ ಹೋಗುವ ಹಟ ಬೇಡ, "ಕೋಪೆಪಾಡ್", "ಏಡಿ ಮರಿ" ಎಂದರೆ ಶಾಲೆಗೆ ಸಾಕು.

ಹಂತ 8: ಎಣಿಸಿ

ಇಲ್ಲಿಯವರೆಗೆ ಆದದ್ದು ನೋಟ. ಅಳತೆ ಸೇರಿದಾಗಲೇ ಎರಡು ದಿನಗಳನ್ನೋ ಎರಡು ಜಾಗಗಳನ್ನೋ ಹೋಲಿಸಲು ಆಗುತ್ತದೆ. ಎಣಿಕೆಯ ಬಾಟಲಿಯನ್ನು ಮೆಲ್ಲಗೆ ಬುಡಮೇಲು ಮಾಡಿ ಕಲಕಿ, ಕೂಡಲೇ 1 ಮಿ.ಲೀ. ತೆಗೆದು, ತಳಕ್ಕೆ ಚೌಕದ ಕಾಗದ ಇಟ್ಟ ಪೆಟ್ರಿ ತಟ್ಟೆಯಲ್ಲಿ ಹರಡಿ, ಸಾಲು ಸಾಲಾಗಿ ಎಣಿಸಿ. ಐದು ಬಾರಿ ಹೀಗೆ ಮಾಡಿ ಸರಾಸರಿ ತೆಗೆಯಿರಿ.

ಉದಾಹರಣೆಗೆ ಐದು ಬಾರಿ ಸಿಕ್ಕ ಕೋಪೆಪಾಡ್ 5, 8, 6, 4, 7 ಎಂದಿರಲಿ. ಸರಾಸರಿ 6. ಒಟ್ಟು ಮಾದರಿ 400 ಮಿ.ಲೀ. ಇದ್ದದ್ದರಿಂದ 6 × 400 = 2,400. ಬಲೆಯ ಬಾಯಿಯ ವಿಸ್ತೀರ್ಣ 0.049 ಚದರ ಮೀಟರ್, ಎಳೆದದ್ದು 20 ಮೀಟರ್, ಅಂದರೆ 0.98 ಘನ ಮೀಟರ್ ಅಥವಾ 980 ಲೀಟರ್. 2,400 ÷ 980 = ಲೀಟರಿಗೆ ಸುಮಾರು ಎರಡೂವರೆ ಕೋಪೆಪಾಡ್. ಬಲೆ ಸ್ವಲ್ಪವಾದರೂ ಕಟ್ಟಿಕೊಳ್ಳುವುದರಿಂದ ನಿಜವಾಗಿ ಸೋಸಿದ ನೀರು ಇದಕ್ಕಿಂತ ಕಡಿಮೆ, ಹಾಗಾಗಿ ನಿಜವಾದ ಸಾಂದ್ರತೆ ತುಸು ಹೆಚ್ಚು. ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಿ.

ಈಗ ಆರಂಭದ ಪ್ರಶ್ನೆಯನ್ನು ಅವರಿಗೇ ಕೊಡಿ. 20 ಹನಿಗೆ 1 ಮಿ.ಲೀ. ಆದರೆ, ಸೋಸದ ನೀರಿನ ಎಷ್ಟು ಹನಿಗೆ ಒಂದು ಕೋಪೆಪಾಡ್? ಉತ್ತರ ಎಂಟು ಸಾವಿರದಷ್ಟು.

ಹಂತ 9: ಮಕ್ಕಳೇ ನಡೆಸುವ ಪ್ರಯೋಗ

ನಾಲ್ಕು ಪಾರದರ್ಶಕ ಬಾಟಲಿಗಳಲ್ಲಿ ತಲಾ 500 ಮಿ.ಲೀ. ಸಮುದ್ರದ ನೀರು ತೆಗೆದುಕೊಳ್ಳಿ. ಮೊದಲು ಬಲೆಯ ಬಟ್ಟೆಯಲ್ಲಿ ಸೋಸಿ. ಇಲ್ಲದಿದ್ದರೆ ಕೋಪೆಪಾಡ್‌ಗಳು ಬೆಳೆದದ್ದನ್ನೆಲ್ಲ ಮೇಯ್ದು ಪ್ರಯೋಗ ಕೆಡುತ್ತದೆ. ನೀರಿನಲ್ಲಿ ಕರಗುವ 20-20-20 ಗೊಬ್ಬರ 1 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಲ್ಲಿ ತಲಾ 2.5 ಮಿ.ಲೀ. ಮಾತ್ರ ಎರಡು ಬಾಟಲಿಗಳಿಗೆ ಹಾಕಿ. ಹೆಚ್ಚು ಹಾಕಿದರೆ ಬೆಳೆಯುವ ಬದಲು ಸಾಯುತ್ತವೆ. ಗೊಬ್ಬರ ಇರುವುದೊಂದು, ಇಲ್ಲದ್ದೊಂದು ಬೆಳಕಿನಲ್ಲಿ. ಉಳಿದೆರಡು ಕಪ್ಪು ಕಾಗದ ಸುತ್ತಿ ಅದೇ ಜಾಗದಲ್ಲಿ. ನೇರ ಬಿಸಿಲು ಬೇಡ, ಬಾಟಲಿ ಕಾಯುತ್ತದೆ. ಮುಚ್ಚಳ ಸಡಿಲವಿರಲಿ. ಹತ್ತು ದಿನ, ಪ್ರತಿದಿನ ಒಂದೇ ಹೊತ್ತಿಗೆ ಬಿಳಿ ಕಾಗದದ ಮುಂದಿಟ್ಟು ಫೋಟೋ ತೆಗೆಯಿರಿ. ಬೆಳಕು ಮತ್ತು ಗೊಬ್ಬರ ಎರಡೂ ಇರುವುದು ಮೊದಲು ಹಸಿರು ಅಥವಾ ಕಂದು ತಿರುಗಬೇಕು. ಆಗ ಅದರ ಒಂದು ಹನಿ ನೋಡಿ. ಡಯಾಟಂ ಕಡಿಮೆಯಿದ್ದರೆ ಆ ಗೊಬ್ಬರದಲ್ಲಿ ಸಿಲಿಕಾ ಇಲ್ಲದಿರುವುದೂ ಒಂದು ಕಾರಣ.

ಚಿಕ್ಕ ತರಗತಿಗಳಿಗೆ ಮುಳುಗುವ ಪಂದ್ಯ ಚೆನ್ನ. ಪ್ರತಿ ತಂಡಕ್ಕೂ 2 ಗ್ರಾಂ ಮೇಣದ ಜೇಡಿ, ಕಡ್ಡಿ, ದಾರ, ಗರಿ ಕೊಟ್ಟು ಅತಿ ನಿಧಾನವಾಗಿ ಮುಳುಗುವ ಪ್ಲವಕ ಮಾಡಲು ಹೇಳಿ. 40 ಸೆಂ.ಮೀ. ಎತ್ತರದ ಪಾತ್ರೆಯಲ್ಲಿ ಸಮಯ ನೋಡಿ. ತೇಲಿದ್ದು ಸೋತಂತೆ. ಕೊಂಬು, ಮುಳ್ಳು ಏಕೆ ಬೇಕು ಎಂಬುದನ್ನು ಕೈಯೇ ಕಲಿಸುತ್ತದೆ.

ಹಂತ 10: ವಾಪಸ್ ಬಿಡುವುದು, ತೊಳೆಯುವುದು

ಉಳಿದ ಜೀವಂತ ಮಾದರಿಯನ್ನು ತಂದ ಜಾಗಕ್ಕೇ ಬಿಡಿ. ಬೇರೆ ಕಡೆಯ ನೀರಿಗೂ ಹಳ್ಳಕ್ಕೂ ಸುರಿಯಬೇಡಿ. ಹಡಗಿನ ತೂಕಕ್ಕೆ ತುಂಬಿದ ನೀರಿನೊಂದಿಗೆ ಪ್ರಾಣಿಗಳು ಊರೂರು ದಾಟಿ ಹೊಸ ಜಾಗ ಆಕ್ರಮಿಸಿದ್ದು ಹೀಗೆಯೇ. ಗೊಬ್ಬರ ಹಾಕಿದ ನೀರನ್ನೂ ಲುಗಾಲ್ ಹಾಕಿದ್ದನ್ನೂ ಸಮುದ್ರಕ್ಕೆ ಹಾಕುವಂತಿಲ್ಲ. ಬಲೆಯನ್ನು ಈಗ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸಿ. ಮೈಕ್ರೋಸ್ಕೋಪಿನ ವೇದಿಕೆಯನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದೇ ದಿನ ಒರೆಸಿ, ಉಪ್ಪುನೀರು ಒಂದು ರಾತ್ರಿ ನಿಂತರೂ ಲೋಹ ತಿನ್ನತೊಡಗುತ್ತದೆ.

ಸಮುದ್ರ ದೂರವಿದ್ದರೆ

ಇದೇ ಬಲೆ ಕೆರೆಯಲ್ಲೂ ನಡೆಯುತ್ತದೆ. ಅಲ್ಲಿ ಸಿಹಿನೀರಿನ ಕೋಪೆಪಾಡ್ ಆದ ಸೈಕ್ಲೋಪ್ಸ್, ನೀರುಚಿಗಟ ಎನಿಸಿಕೊಂಡ ಡಾಫ್ನಿಯಾ, ಚಕ್ರದಂತೆ ರೋಮ ತಿರುಗಿಸುವ ರೋಟಿಫರ್ ಸಿಗುತ್ತವೆ. ಡಾಫ್ನಿಯಾದ ಹೃದಯ ಚರ್ಮದ ಮೂಲಕವೇ ಕಾಣುವುದರಿಂದ ಬಡಿತ ಎಣಿಸಲು ಅದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ಸಮುದ್ರದ ಮರಿಗಳ ರೂಪವೇ ಬೇಕಿದ್ದರೆ ಆರ್ಟೀಮಿಯಾ ಮೊಟ್ಟೆ ತರಿಸಿ. ಅದು ಉಪ್ಪುಸರೋವರದ ಜೀವಿ, ಆದರೆ ಅದರ ಮರಿಗೂ ಬಾರ್ನಕಲ್ ಮರಿಯಂತೆ ಮೂರು ಜೊತೆ ಕಾಲು, ಒಂದು ಕಣ್ಣು. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಕಾಲು ಚಮಚ ಮೊಟ್ಟೆ, 25ರಿಂದ 28 ಡಿಗ್ರಿ ಉಷ್ಣತೆ, ಅಕ್ವೇರಿಯಂ ಪಂಪಿನಿಂದ ಸತತ ಗಾಳಿ ಮತ್ತು ಬೆಳಕು ಕೊಟ್ಟರೆ 24ರಿಂದ 36 ಗಂಟೆಯಲ್ಲಿ ಮರಿಗಳು ಹೊರಬರುತ್ತವೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದು ದಿನ ತೆರೆದಿಟ್ಟು ಬಳಸಿ. ಪಂಪ್ ನಿಲ್ಲಿಸಿದ ಮೇಲೆ ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ, ಮರಿಗಳು ಬೆಳಕಿನ ಬದಿಗೆ ಬರುತ್ತವೆ, ಅಲ್ಲಿಂದಲೇ ಡ್ರಾಪರಿನಲ್ಲಿ ಎತ್ತಿ ಸ್ಲೈಡಿಗೆ ಹಾಕಿ.